ಬಂದು ಹೋಗುವ ಬೆಳಕು

"ತಾಯೀ, ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ನಾನು ಅವಳ ಪಕ್ಕ ಬಿಟ್ಟು ಏಳುವುದಿಲ್ಲ. ಆದರೂ ಅವಳು ನನ್ನ ಹತ್ತಿರ ಏಕೆ ಬಾಯಿ ಬಿಡುವುದಿಲ್ಲ?"

ಕೇಳಿದವಳು ಮಂದಾಕಿನಿ. ಆಶ್ರಮಕ್ಕೆ ಬಂದು ನಾಲ್ಕು ವರ್ಷವಾಗಿದ್ದ ಶಿಷ್ಯೆ. ಅವಳ ತಂಗಿ ಗಂಡನ ಮನೆಯಿಂದ ಒಂದೇ ಒಂದು ಚೀಲ ಹಿಡಿದು ಅಕ್ಕನ ಹತ್ತಿರ ಬಂದು ಇಪ್ಪತ್ತು ದಿನವಾಗಿತ್ತು. ಅಲ್ಲಿ ಏನಾಯಿತೆಂದು ಅವಳು ಹೇಳಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಕೆಲಸ ಕೊಟ್ಟರೆ ಮಾಡುತ್ತಿದ್ದಳು, ಅಷ್ಟೇ. ಮಂದಾಕಿನಿ ಅವಳ ಜೊತೆಯೇ ಉಂಡಳು, ಜೊತೆಯೇ ಬಟ್ಟೆ ಒಗೆದಳು, ಅವಳ ತಲೆ ಬಾಚಿದಳು. ಗಳಿಗೆಗೊಮ್ಮೆ "ಏನಾಯ್ತೇ, ಹೇಳೇ" ಎಂದು ಕೇಳಿದಳು. ತಂಗಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಸುಮ್ಮನಿದ್ದಳು.

ನೀಲಗಂಗಾ ತಾಯಿಯವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಆಶ್ರಮ ಕಟ್ಟುವ ಮೊದಲು ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು. ಅವರು ಹೇಳುವ ದೃಷ್ಟಾಂತಗಳಲ್ಲಿ ರಾಜರು, ಆನೆಗಳು ಬರುವುದು ಕಡಿಮೆ.

"ಕೂತುಕೋ. ನೀನೂ ಒಂದು ಹಿಡಿ ಸುಲಿ" ಎಂದರು. ಮಂದಾಕಿನಿ ಕೂತಳು. ತಾಯಿಯವರು ಹೇಳತೊಡಗಿದರು.

ಒಂದು ಊರಿನ ಪ್ರಯೋಗಾಲಯದಲ್ಲಿ ಒಬ್ಬಳು ಯಂತ್ರಪಾಲಕಿ ಇದ್ದಳು. ಅವಳು ನೋಡಿಕೊಳ್ಳುತ್ತಿದ್ದ ಯಂತ್ರ ನೋಡುವ ಯಂತ್ರವಲ್ಲ, ಕೇಳುವ ಯಂತ್ರ. ಬೆಳಕು ಬಿದ್ದಾಗ ವಸ್ತು ಮಾಡುವ ಸದ್ದನ್ನು ಅದು ಕೇಳುತ್ತಿತ್ತು.

ಬೆಳಕು ಬಿದ್ದರೆ ಸದ್ದಾಗುತ್ತದೆಯೇ ಎಂದು ನಿನಗೆ ಅನ್ನಿಸಬಹುದು. ಆಗುತ್ತದೆ. ಕೆಂಪಿಗೂ ಆಚೆ, ಕಣ್ಣಿಗೆ ಕಾಣದ ಒಂದು ಬೆಳಕಿದೆ. ಒಲೆಯ ಮುಂದೆ ಕೂತಾಗ ಕೆನ್ನೆಗೆ ತಾಗುವುದು ಅದೇ. ಆ ಬೆಳಕಿನಲ್ಲಿ ನೂರಾರು ಬಗೆ. ಒಂದೊಂದು ವಸ್ತುವಿಗೆ ಒಂದೊಂದು ಬಗೆಯ ಮೇಲೆ ಆಸೆ. ಆಸೆಯಾದದ್ದನ್ನು ಅದು ಕುಡಿಯುತ್ತದೆ, ಬೇಡವಾದದ್ದನ್ನು ಹೋಗಲು ಬಿಡುತ್ತದೆ. ಕುಡಿದಾಗ ಅದಕ್ಕೆ ಒಂದಿಷ್ಟೇ ಇಷ್ಟು ಬಿಸಿ ಏರುತ್ತದೆ. ಆ ಬಿಸಿಗೆ ಸುತ್ತಲಿನ ಗಾಳಿ ಮಿಡಿಯುತ್ತದೆ. ಮಿಡಿತವೆಂದರೆ ಸದ್ದು ತಾನೆ? ನಮ್ಮ ಕಿವಿಗೆ ಅದು ನಿಲುಕದು. ಯಂತ್ರದ ಒಳಗಿರುವ ಪುಟ್ಟ ಮೈಕಿಗೆ ನಿಲುಕುತ್ತದೆ. ಯಾವ ಬೆಳಕಿಗೆ ಎಷ್ಟು ಸದ್ದು ಬಂತು ಎಂದು ಗೆರೆ ಎಳೆದರೆ, ವಸ್ತು ಏನೇನು ಕುಡಿಯಿತು, ಅದು ಯಾವುದರಿಂದ ಆಗಿದೆ ಎಂದು ತಿಳಿಯುತ್ತದೆ.

ಇಂಥ ಯಂತ್ರವನ್ನು ಕೂರಿಸುವುದು ಬಾಣಂತಿಯ ಕೋಣೆ ಸಜ್ಜು ಮಾಡಿದ ಹಾಗೆ. ಯಂತ್ರಪಾಲಕಿ ಅದನ್ನು ಒಂದು ಕಲ್ಲುಚಪ್ಪಡಿಯ ಮೇಲೆ ಇಟ್ಟಿದ್ದಳು. ಚಪ್ಪಡಿಯ ಕೆಳಗೆ ಅರ್ಧ ಗಾಳಿ ತುಂಬಿದ ಸೈಕಲ್ ಟ್ಯೂಬುಗಳು. ರಸ್ತೆಯಲ್ಲಿ ಲಾರಿ ಹೋದರೆ ನಡುಕ ಟ್ಯೂಬಿನಲ್ಲೇ ಸಾಯಲಿ ಎಂದು. ಯಂತ್ರದ ನಡುವೆ ಕುಂಕುಮದ ಭರಣಿಯಷ್ಟು ಒಂದು ಗೂಡು. ಗೂಡಿನ ಕಿಟಕಿ ಗಾಜಿನದಲ್ಲ. ಆ ಬೆಳಕು ಗಾಜನ್ನು ದಾಟದು. ಕಿಟಕಿ ಒಂದು ಬಗೆಯ ಉಪ್ಪಿನದು. ಉಪ್ಪಿಗೆ ನೀರಿನ ದಾಹ. ಉಸಿರು ತಾಗಿದರೂ ಮಂಜಾಗುತ್ತದೆ. ಅದಕ್ಕೇ ಅವಳು ಗೂಡು ತೆರೆಯುವಾಗ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಮುಚ್ಚಳದ ರಬ್ಬರ್ ಬಳೆಯ ಮೇಲೆ ಒಂದು ಕೂದಲು ಬಿದ್ದರೂ ಸದ್ದು ಸೋರಿಹೋಗುತ್ತದೆ, ಅದಕ್ಕೇ ತಲೆಗೂ ಬಟ್ಟೆ. ವಸ್ತುವಿನ ಬಟ್ಟಲ ಕೆಳಗೆ ತೇವ ಹೀರುವ ಹರಳು ಹಾಕುತ್ತಿದ್ದಳು. ಗೂಡಿನ ಗಾಳಿ ತೆಗೆದು ಹೀಲಿಯಂ ತುಂಬುತ್ತಿದ್ದಳು, ಜಾತ್ರೆಯ ಬಲೂನಿಗೆ ತುಂಬುವ ಹಗುರ ಗಾಳಿ ಅದು. ಅದು ಬಿಸಿಯನ್ನು ಬೇಗ ಒಯ್ಯುತ್ತದೆ. ನಮ್ಮ ಗಾಳಿಯಲ್ಲಿ ಪಿಸುಮಾತಾದದ್ದು ಅದರಲ್ಲಿ ಮಾತಾಗುತ್ತದೆ. ಮುಚ್ಚಳ ಒತ್ತುವಾಗ ಗಾಳಿ ಹೊರಗೆ ಹೋಗುವ ದಾರಿ ತೆರೆದಿದೆಯೇ ಎಂದು ಪ್ರತಿ ಸಲ ಬೆರಳಿಟ್ಟು ನೋಡುತ್ತಿದ್ದಳು. ಮರೆತು ಒತ್ತಿದರೆ ಒಳಗಿನ ಗಾಳಿ ಮೈಕಿನ ಪೊರೆಗೆ ಹೊಡೆಯುತ್ತದೆ. ಪೊರೆ ಹರಿದರೆ ಯಂತ್ರ ಕಿವುಡು.

ಅವಳದು ಮಾತು ಕಡಿಮೆ. ಕೇಳುವ ಯಂತ್ರದ ಮುಂದೆ ಮಾತಿನ ಮಲ್ಲಿಯನ್ನು ಕೂರಿಸಿದರೆ ಕೆಲಸ ನಡೆಯುವುದೂ ಇಲ್ಲ.

ಒಂದು ದಿನ ಅವಳ ಹತ್ತಿರ ಒಬ್ಬ ಗೊಂಬೆಗಾರ ಬಂದ. ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ಗೊಂಬೆ, ಗಿಲಕಿ ಮಾಡುವವನು. ಟವೆಲ್ಲಿನ ತುದಿಯ ಗಂಟು ಬಿಚ್ಚಿದ. ಅದರೊಳಗೆ ಇನ್ನೊಂದು ಗಂಟು. ಅದರೊಳಗೆ ಹಳದಿ ಬಣ್ಣದ ಒಂದು ಮರದ ಮಣಿ. ಇಗೋ, ಈ ಕಾಳಿಗಿಂತ ಸ್ವಲ್ಪ ಚಿಕ್ಕದು.

"ಮೇಡಮ್ಮಾ, ಇದ್ರೊಳಗೆ ಏನೈತೆ ಅಂತ ನೀವು ಹೇಳ್ಬೇಕು. ಆದ್ರೆ ಒಡೀಬಾರ್ದು, ಕೆರೀಬಾರ್ದು, ಪುಡಿ ಮಾಡ್ಬಾರ್ದು."

"ಏನಿದು?"

"ನಮ್ಮ ಮನೆಯವಳ ಕೈಯಿ" ಎಂದ.

ಅವನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಕಡೆಯುವುದು ಅವನು, ಬಣ್ಣ ಅವಳದು. ಅವಳು ಮಾಡಿದ ಗಿಲಕಿಯ ಹಳದಿಯನ್ನು ಅವರ ಮೂರು ಮಕ್ಕಳೂ ಹಲ್ಲು ಬರುವಾಗ ಕಚ್ಚಿ, ಚೀಪಿ, ಜೊಲ್ಲಿನಲ್ಲಿ ನೆನೆಸಿದ್ದರು. ಬಣ್ಣ ಒಂದು ಚೂರೂ ಎದ್ದಿರಲಿಲ್ಲ. ಈಗ ಮಗಳು ಏಳು ತಿಂಗಳ ಬಸುರಿ. ಹುಟ್ಟುವ ಮಗುವಿಗೆ ಒಂದು ಗಿಲಕಿ ಮಾಡಬೇಕು. ಮಾಡಿದ ಗಿಲಕಿಯ ಬಣ್ಣ ನಿಲ್ಲುತ್ತಿಲ್ಲ.

"ಮೂರು ಸಲ ಮಾಡ್ದೆ. ಮೂರು ಸಲಾನೂ ನಾನೇ ಬಾಯಲ್ಲಿ ಇಟ್ಕೊಂಡು ಚೀಪ್ತಾ ಕೂತೆ. ನಾಲ್ಕನೇ ದಿನಕ್ಕೆ ನಾಲಿಗೆ ಎಲ್ಲಾ ಹಳದಿ. ಪಕ್ಕದ ಮನೆಯೋರು ಕಾಮಾಲೆ ಅಂತ ಔಷಧಿ ಸೊಪ್ಪು ತಂದ್ಕೊಟ್ರು."

ಯಂತ್ರಪಾಲಕಿ ಬಾಯಿಗೆ ಕಟ್ಟಿದ ಬಟ್ಟೆಯ ಹಿಂದೆ ನಕ್ಕಳು.

"ಅವಳು ಅರಗು ಹಿಡ್ಸೋಕೆ ಮೊದ್ಲು ಮರಕ್ಕೆ ಇನ್ನೇನೋ ಬಳೀತಿದ್ಳು. ಏನು ಅಂತ ನಾನು ಕೇಳ್ಲಿಲ್ಲ. ಕೇಳೋಕೇನು, ಎದುರಿಗೇ ಇದಾಳಲ್ಲ ಅಂದ್ಕೊಂಡಿದ್ದೆ." ಅವನು ಮಣಿಯನ್ನು ಅಂಗೈಯಲ್ಲಿ ಹೊರಳಿಸಿದ. "ಅವಳು ಬಣ್ಣ ಹಾಕಿದ್ದು ಮನೇಲಿ ಉಳಿದಿರೋದು ಇದೊಂದೇ. ಇನ್ನೊಂದು ಕಡೆ ಹೋಗಿದ್ದೆ. ಪುಡಿ ಮಾಡಿ ಉಪ್ಪಲ್ಲಿ ಕಲಸಿ ಬಿಲ್ಲೆ ಒತ್ತಿದ್ರೆ ಹೇಳ್ತೀವಿ ಅಂದ್ರು. ಎತ್ಕೊಂಡು ಓಡಿ ಬಂದೆ."

"ಇಲ್ಲಿ ಪುಡಿ ಮಾಡುವುದಿಲ್ಲ. ಹೇಗಿದೆಯೋ ಹಾಗೇ ಇಟ್ಟು ಕೇಳುವುದು" ಎಂದಳು ಯಂತ್ರಪಾಲಕಿ.

ಮೊದಲು ಅವಳು ಗೂಡಿನಲ್ಲಿ ಮಸಿ ಇಟ್ಟಳು. ಮಸಿ ಎಲ್ಲ ಬೆಳಕನ್ನೂ ಕುಡಿಯುತ್ತದೆ, ಬೇಕು ಬೇಡ ಎಂಬುದೇ ಅದಕ್ಕಿಲ್ಲ. ಹಾಗಾಗಿ ಮಸಿಯ ಸದ್ದು ತುಂಬಿದ ಸದ್ದು. ಅದನ್ನು ಮೊದಲು ಬರೆದಿಟ್ಟುಕೊಂಡು, ಉಳಿದವರ ಮಾತನ್ನು ಅದರ ಪಕ್ಕದಲ್ಲಿ ಇಟ್ಟು ಅಳೆಯಬೇಕು. ಗೊಂಬೆಗಾರ ಇಣುಕಿ ನೋಡಿ, "ಕರಿಯನಿಗೇ ಇಲ್ಲಿ ಪಟ್ಟವಾ!" ಎಂದ. ಆಮೇಲೆ ಅವಳು ಮಸಿಯ ಬಟ್ಟಲು ತೆಗೆದು ಮಣಿಗೆ ಕೈ ಚಾಚಿದಳು.

ಗೆರೆ ಬಂತು. ಗೆರೆಯ ತುಂಬ ನೀರಿನ ಸದ್ದು. ಸಣ್ಣ ಸಣ್ಣ ಮುಳ್ಳುಗಳು ಎದ್ದು, ಉಳಿದ ಯಾವ ಮಾತೂ ಕೇಳದ ಹಾಗೆ ಗದ್ದಲ ಮಾಡಿದವು. ಅವಳು ಹರಳು ಬದಲಾಯಿಸಿದಳು, ಹೀಲಿಯಂ ಮತ್ತೆ ಹರಿಸಿದಳು, ಬಳೆ ಒರೆಸಿದಳು. ಮತ್ತೂ ನೀರು. ತನ್ನ ಕೈಯಲ್ಲೇ ತಪ್ಪಾಯಿತೇನೋ ಎಂದು ಎಲ್ಲವನ್ನೂ ಮೊದಲಿನಿಂದ ನೋಡಿದಳು. ಆಮೇಲೆ ಗೊಂಬೆಗಾರನ ಮುಖ ನೋಡಿದಳು.

"ಮಣಿಯನ್ನ ನನಗೆ ಕೊಡೋ ಮೊದಲು ಏನಾದರೂ ಮಾಡಿದ್ರಾ?"

"ಏನೂ ಇಲ್ಲ."

"ಏನೂ ಇಲ್ಲ?"

"ಒಂಚೂರು ಬಾಯಲ್ಲಿ ಇಟ್ಕೊಂಡೆ" ಎಂದ. "ನೀವು ಕರಿಯನ್ನ ನೋಡ್ತಿದ್ರಲ್ಲ, ಆವಾಗ. ದೂಳಾಗಿತ್ತು. ಹೆಣ್ಣುಮಕ್ಕಳನ್ನ ಹೊರಗೆ ಕಳ್ಸೋವಾಗ ಮುಖ ತೊಳ್ಸಿ ಕಳ್ಸಲ್ವಾ ಮೇಡಮ್ಮಾ?"

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ಶೀಷೆಯಲ್ಲಿ ಹರಳು ಹಾಕಿ, ಅದರ ಮೇಲೆ ಮಣಿಯನ್ನಿಟ್ಟು ಮುಚ್ಚಿ, "ನಾಳೆವರೆಗೆ ಒಣಗಲಿ" ಎಂದಳು.

"ಶೀಷೆ ನನ್ ಹತ್ರ ಕೊಡಿ, ಮಡಿಲಲ್ಲಿ ಇಟ್ಕೊಂಡು ಕೂತಿರ್ತೀನಿ."

"ಮನೆಗೆ ಹೋಗಿ ಬನ್ನಿ."

"ಇಲ್ಲೇ ಹೊರಗೆ ಮಲಗ್ತೀನಿ" ಎಂದ. ಹಾಗೇ ಮಾಡಿದ. ಮರುದಿನ ಅವಳು ಬಾಗಿಲು ತೆರೆದಾಗ ಅವನು ಹೊಸ್ತಿಲಲ್ಲೇ ಇದ್ದ.

ಎರಡನೆಯ ದಿನ ನೀರು ಇರಲಿಲ್ಲ. ಗೆರೆ ಶುದ್ಧವಾಗಿ ಬಂತು. ಅರಗು, ಅರಿಸಿನ. ಅವಳು ಸಂತೋಷದಿಂದ ಹೇಳಿದಳು. ಗೊಂಬೆಗಾರ ಮರ್ಯಾದೆಗೆ ತಲೆಯಾಡಿಸಿ, "ಅದು ನಂಗೂ ಗೊತ್ತು ಬುಡಿ" ಎಂದ.

ಅವಳಿಗೆ ನಾಚಿಕೆಯಾಯಿತು. ಯಂತ್ರವನ್ನು ಅವಳು ಬೇಗ ಓಡಿಸಿದ್ದಳು, ಬೇಗ ಓಡಿಸಿದರೆ ಮೇಲ್ಮೈ ಮಾತ್ರ ಮಾತಾಡುತ್ತದೆ. ಇವನಿಗೆ ಬೇಕಾದದ್ದು ಅದರ ಕೆಳಗಿನದು. ಅವಳು ಯಂತ್ರವನ್ನು ನಿಧಾನಕ್ಕೆ ಇಳಿಸಿದಳು.

ನಿಧಾನಕ್ಕೆ ಇಳಿಸಿದರೆ ಒಂದು ಕಷ್ಟ. ಒಳಗಿನ ಮಾತು ಮೆಲ್ಲಗೆ ಬರುತ್ತದೆ, ಊರಿನ ಸದ್ದು ಜೋರಾಗಿ ಬರುತ್ತದೆ. ಫ್ಯಾನು ನಿಲ್ಲಿಸಿದಳು. ಚಪ್ಪಲಿ ಹೊರಗೆ ಬಿಟ್ಟಳು. ಆದರೂ ಗೆರೆಯ ಮೇಲೆ ಒಂದು ಅಲೆ ಏಳುತ್ತಿತ್ತು, ಬೀಳುತ್ತಿತ್ತು. ಲಾರಿಯ ನಡುಕ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಅವಳು ಕತ್ತು ತಿರುಗಿಸಿದಳು. ಗೊಂಬೆಗಾರ ಸ್ಟೂಲಿನ ಮೇಲೆ ಕೂತು, ಕಣ್ಣು ಯಂತ್ರದ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ತುಳಿಯುತ್ತಿದ್ದ. ಕಡೆಯುವ ಯಂತ್ರದ ಕಾಲುಮಣೆ ತುಳಿದು ತುಳಿದು ಆ ಕಾಲಿಗೆ ಅದೇ ಅಭ್ಯಾಸ. ಮಣೆ ಇಲ್ಲದಿದ್ದರೂ ತುಳಿಯುತ್ತಿತ್ತು.

"ಅದು ನಿಮ್ಮ ಕಾಲು" ಎಂದಳು.

ಅವನು ಗಾಬರಿಯಾಗಿ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡ. ಕಾಲು ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಅಲೆ ಬಂತು, ಮೊದಲಿನದಕ್ಕಿಂತ ಸಣ್ಣದು. ಕಾಲು ಬಿಟ್ಟ ಕೈ ಕಲ್ಲುಚಪ್ಪಡಿಯ ಅಂಚಿಗೆ ಬಂದಿತ್ತು. ಮಲಗಿದವರ ಮಂಚ ಹಿಡಿದುಕೊಂಡ ಹಾಗೆ ಹಿಡಿದಿದ್ದ. ಬೆರಳು ನಡುಗುತ್ತಿದ್ದವು.

"ನೀವು ಹೊರಗೆ ಇರಬೇಕಾಗುತ್ತದೆ" ಎಂದಳು.

"ಆಗಲ್ಲ ಮೇಡಮ್ಮಾ."

"ಎರಡೇ ಗಂಟೆ."

"ನೀವು ಏನ್ ಬೇಕಾದ್ರೂ ಹೇಳಿ, ಅದೊಂದು ಹೇಳ್ಬೇಡಿ." ಅವನು ನೆಲ ನೋಡಿಕೊಂಡು ಹೇಳಿದ. "ಆಸ್ಪತ್ರೇಲಿ ಹನ್ನೊಂದು ದಿನ ಅವಳ ಪಕ್ಕದಲ್ಲೇ ಇದ್ದೆ. ಹನ್ನೊಂದನೇ ದಿನ ನರ್ಸಮ್ಮ ಚೀಟಿ ಕೊಟ್ಟು ಔಷಧಿ ತನ್ನಿ ಅಂದ್ರು. ಹತ್ತು ನಿಮಿಷ. ವಾಪಸ್ ಬಂದಾಗ ಮುಖಕ್ಕೆ ಬಟ್ಟೆ ಎಳೆದಿದ್ರು. ಹತ್ತೇ ನಿಮಿಷ ಮೇಡಮ್ಮಾ. ಆವತ್ತಿಂದ ನಾನು ಏನನ್ನೂ ಬಿಟ್ಟು ಎದ್ದಿಲ್ಲ."

ಮಂದಾಕಿನಿಯ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತ್ತು. "ಇಷ್ಟು ಕೇಳಿಯೂ ಅವಳು ಅವನನ್ನು ಹೊರಗೆ ಕಳಿಸಿದಳೇ ತಾಯೀ? ಕಲ್ಲು ಮನಸ್ಸು."

"ನೀನು ಸುಲಿ" ಎಂದರು ತಾಯಿಯವರು.

ಯಂತ್ರಪಾಲಕಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಮಾತು ಬಾರದವರು ಕೈಯಿಂದ ಏನಾದರೂ ಮಾಡುತ್ತಾರೆ. ಅವಳು ಅವನನ್ನು ಪರದೆಯ ಮುಂದೆ ಕರೆದು ಕೂರಿಸಿದಳು. ಯಂತ್ರದ ಹೊಟ್ಟೆಯಲ್ಲಿ ಒಂದು ಕನ್ನಡಿ ಮಗ್ಗದ ಲಾಳಿಯಂತೆ ಹಿಂದೆ ಮುಂದೆ ಓಡುತ್ತಿರುತ್ತದೆ. ಅದು ಓಡಿದರೆ ಬೆಳಕು ಏರುತ್ತದೆ, ಇಳಿಯುತ್ತದೆ. ಪರದೆಯ ಮೇಲೆ ಮಣಿಯ ಸದ್ದು ಗೆರೆಯಾಗಿ ಮಿಡಿಯುತ್ತಿತ್ತು. ಅವಳು ಕನ್ನಡಿಯನ್ನು ನಿಲ್ಲಿಸಿದಳು. ಗೆರೆ ಚಾಪೆ ಹಾಸಿದಂತೆ ಮಲಗಿತು.

ಗೊಂಬೆಗಾರ ಎದ್ದು ನಿಂತ. "ಬೆಳಕು ಆರಿಸ್ಬಿಟ್ರಾ?"

"ಇಲ್ಲ. ಬೀಳ್ತಾ ಇದೆ. ಒಂದು ಕ್ಷಣವೂ ಬಿಡದೆ ಬೀಳ್ತಾ ಇದೆ."

"ಮತ್ತೆ ಯಾಕೆ ಸುಮ್ನಾದ್ಲು?"

'ಸುಮ್ಮನಾದಳು' ಎಂದದ್ದನ್ನು ಅವಳು ಕೇಳಿಸಿಕೊಂಡಳು. ತಿದ್ದಲಿಲ್ಲ.

"ಬಿಸಿಯಾಗಿ, ಹಾಗೇ ಬಿಸಿಯಾಗೇ ಇದೆ. ಆರುವುದಕ್ಕೇ ಬಿಡಲಿಲ್ಲವಲ್ಲ. ಆರಲಿಲ್ಲ ಅಂದ್ರೆ ಗಾಳಿ ಮಿಡಿಯೋದಿಲ್ಲ. ನಾನು ಬೆಳಕು ಎಷ್ಟು ಹೆಚ್ಚಿಸಿದರೂ ಅಷ್ಟೇ, ಮಾತು ಬರೋದಿಲ್ಲ."

ಅವಳು ಕನ್ನಡಿಯನ್ನು ಮತ್ತೆ ಬಿಟ್ಟಳು. ಗೆರೆ ಎದ್ದಿತು.

"ಬೆಳಕು ಬರಬೇಕು, ಹೋಗಬೇಕು. ಆತುರದಲ್ಲಿ ಬಂದು ಹೋದರೆ ಮೇಲಿನ ಮಾತು ಕೇಳುತ್ತದೆ. ನಿಧಾನಕ್ಕೆ ಹೋಗಿ ನಿಧಾನಕ್ಕೆ ಬಂದರೆ, ಒಳಗಿನ ಬಿಸಿಗೆ ಮೇಲೆ ಬರೋಕೆ ಸಮಯ ಸಿಗುತ್ತದೆ. ಆಗ ಒಳಗಿನ ಮಾತು."

ಅವನು ಬಹಳ ಹೊತ್ತು ಪರದೆಯನ್ನು ನೋಡಿದ. ಆಮೇಲೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ನಡೆದ. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿದ. ಯಂತ್ರಪಾಲಕಿ ಅವನ ಕಡೆ ನೋಡದೆ ಮುಚ್ಚಳದ ಬಳೆಯನ್ನು ನೋಡುತ್ತಿದ್ದಳು. ನೋಡಿದ್ದರೆ ಅವಳಿಗೂ 'ಇರಲಿ, ಇಲ್ಲೇ ಇರಿ' ಅನ್ನಿಸುತ್ತಿತ್ತು.

ಬಾಗಿಲು ಮುಚ್ಚಿತು. ಅವಳು ಶುರುಮಾಡಿದಳು. ಐದು ನಿಮಿಷಕ್ಕೆ ಗೆರೆಯ ಮೇಲೆ ಆ ಹಳೆಯ ಅಲೆ. ಅವಳು ಎದ್ದು ಬಾಗಿಲು ತೆರೆದಳು. ಬಾಗಿಲಿಗೆ ಒರಗಿದ್ದ ಗೊಂಬೆಗಾರ ಒಳಕ್ಕೇ ಬೀಳುವುದರಲ್ಲಿದ್ದ. ಕಾಲು ತುಳಿಯುತ್ತಿತ್ತು.

"ಹೊರಗೇ ಇದೀನಲ್ಲ!" ಎಂದ.

"ಇನ್ನೂ ದೂರ" ಎಂದಳು.

ಅವನು ಅಂಗಳ ದಾಟಿದ. ಗೇಟಿನ ಹತ್ತಿರ ಹೋದ. ಅಲ್ಲಿ ಕಾವಲಿನವನು ಒಂದು ಮರದ ಕುರ್ಚಿಯ ಮೇಲೆ ಕೂತಿದ್ದ. ಗೊಂಬೆಗಾರ ಸ್ವಲ್ಪ ಹೊತ್ತು ಪ್ರಯೋಗಾಲಯದ ಕಿಟಕಿಯನ್ನೇ ನೋಡಿದ. ಆದರೆ ಕುರ್ಚಿ ಕುಂಟುತ್ತಿತ್ತು. ಕಾವಲಿನವನು ಮೈ ಅಲ್ಲಾಡಿಸಿದಾಗಲೆಲ್ಲ ಟಕ್ ಎನ್ನುತ್ತಿತ್ತು. ಮರದ ಕೆಲಸದವನ ಕಿವಿಗೆ ಅದು ಹಲ್ಲಿಗೆ ಕಲ್ಲು ಸಿಕ್ಕ ಹಾಗೆ.

"ಎಷ್ಟು ದಿನದಿಂದ ಹಿಂಗೆ ಕುಂಟ್ತಾ ಐತೆ?"

"ನಾನು ಸೇರಿದಾಗಿಂದ. ಹನ್ನೆರಡು ವರ್ಷ."

"ಏಳಪ್ಪಾ, ಏಳು. ನಾಚ್ಕೆ ಆಗಲ್ವಾ ನಿಂಗೆ?" ಎಂದು ಗೊಂಬೆಗಾರ ಕುರ್ಚಿಯನ್ನು ತಲೆಕೆಳಗು ಮಾಡಿದ.

ಒಳಗೆ ಯಂತ್ರಪಾಲಕಿ ಒಬ್ಬಳೇ ಇದ್ದಳು. ಬೆಳಕು ನಿಧಾನಕ್ಕೆ ಬಂತು, ನಿಧಾನಕ್ಕೆ ಹೋಯಿತು. ಒಂದು ಸಲದ ಮಾತು ಸಾಲದು; ನೂರು ಸಲ, ಇನ್ನೂರು ಸಲ ಕೇಳಿ ಒಂದರ ಮೇಲೊಂದು ಇಡಬೇಕು. ಆಗ ನಿಜವಾದದ್ದು ಬೆಳೆಯುತ್ತದೆ, ಗದ್ದಲ ತನ್ನಷ್ಟಕ್ಕೆ ಕರಗುತ್ತದೆ. ಅವಳು ಕೈಕಟ್ಟಿ ಕೂತು, ತನ್ನ ಉಸಿರನ್ನೂ ಸಣ್ಣಗೆ ಮಾಡಿಕೊಂಡಳು. ಅರಗಿನ ಗೆರೆ ಬಂತು. ಅರಿಸಿನದ ಗೆರೆ ಬಂತು. ಅವುಗಳ ಸಂದಿನಲ್ಲಿ, ಹಿಂದಿನ ದಿನ ನೀರು ಕೂಗಾಡುತ್ತಿದ್ದ ಜಾಗದಲ್ಲೇ, ಎರಡು ಪುಟ್ಟ ದಿಬ್ಬಗಳು ಅಕ್ಕಪಕ್ಕ ತಲೆಯೆತ್ತಿದವು. ಅವುಗಳ ಪಕ್ಕ ಒಂದು ಅಗಲವಾದ ದಿಬ್ಬ. ಬೇಗ ಓಡಿಸಿದಾಗ ಅವು ಇರಲಿಲ್ಲ. ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಇದ್ದವು.

ಅವಳು ಗೇಟಿಗೆ ನಡೆದುಹೋದಳು. ಗೊಂಬೆಗಾರ ನೆಲದ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ಕುರ್ಚಿಯ ಕಾಲಿಗೆ ಚಕ್ಕೆ ಕೂರಿಸುತ್ತಿದ್ದ. ಅವಳ ನೆರಳು ಬಿದ್ದರೂ ತಲೆಯೆತ್ತಲಿಲ್ಲ. "ಯಾರಪ್ಪಾ ಅದು, ಬೆಳಕಿಗೆ ಅಡ್ಡ" ಎಂದ. ಆಮೇಲೆ ಮೇಲೆ ನೋಡಿದ.

"ಅಯ್ಯೋ. ಮರ್ತೇ ಬುಟ್ಟಿದ್ದೆ. ಒಬ್ಳನ್ನೇ ಬಿಟ್ಟು..."

"ಅವಳು ಹೇಳಿದಳು" ಎಂದಳು ಯಂತ್ರಪಾಲಕಿ. ಮಣಿಯನ್ನು ಅವಳೂ 'ಅವಳು' ಎಂದದ್ದು ಅದೇ ಮೊದಲು.

"ಏನಂದ್ಲು?"

"ಅರಗಿನ ಕೆಳಗೆ ಇನ್ನೊಂದು ಪದರ ಇದೆ. ಕೂದಲು, ಉಗುರು, ಉಣ್ಣೆ, ಹಾಲು, ಮೊಟ್ಟೆ, ಇವೆಲ್ಲ ಒಂದೇ ಕುಲ. ಆ ಪದರ ಆ ಕುಲದ್ದು. ಜೊತೆಗೆ ಸುಣ್ಣ ಇದೆ. ಯಂತ್ರ ಕುಲ ಹೇಳುತ್ತದೆ. ಹೆಸರು ಹೇಳೋದಕ್ಕೆ ಅದಕ್ಕೆ ಬರಲ್ಲ. ಹೆಸರು ನೀವು ಹೇಳಬೇಕು."

ಗೊಂಬೆಗಾರ ಕುರ್ಚಿಯ ಕಾಲನ್ನು ಹಿಡಿದುಕೊಂಡೇ ಯೋಚಿಸಿದ. ಸುಣ್ಣ ಅವನಿಗೆ ಕೂಡಲೇ ತಿಳಿಯಿತು. ಹೆಂಡತಿಗೆ ಎಲೆಯಡಿಕೆಯ ಅಭ್ಯಾಸ, ಸುಣ್ಣದ ಕಾಯಿ ಸದಾ ಸೊಂಟದಲ್ಲಿ. ಇನ್ನೊಂದು? ಮನೆಯಲ್ಲಿ ಕೋಳಿ ಇರಲಿಲ್ಲ. ಉಣ್ಣೆ ಇರಲಿಲ್ಲ. ಅವನ ತುಟಿ ಸುಮ್ಮನೆ ಅಲ್ಲಾಡಿತು. ಆಮೇಲೆ ಅವನು ನಗತೊಡಗಿದ. ಕಾವಲಿನವನು ಹೆದರಿ ಒಂದು ಹೆಜ್ಜೆ ಹಿಂದೆ ಸರಿದ.

"ಮೊಸರು" ಎಂದ. "ಮೊಸರು ಮೇಡಮ್ಮಾ! ಅಡುಗೆಮನೆ ಗೂಟಕ್ಕೆ ಒಂದು ಬಟ್ಟೆಗಂಟು ನೇತು ಹಾಕಿರೋಳು. ನೀರೆಲ್ಲ ಇಳಿದು ಗಟ್ಟಿ ಮೊಸರು ಉಳಿಯೋದು. ನಾನು ಕೆಲಸದಿಂದ ಎದ್ದು ಬಂದವನು ಬೆಲ್ಲ ಹಾಕ್ಕೊಂಡು ತಿಂದ್ಬಿಡ್ತಿದ್ದೆ. 'ಮಕ್ಕಳ ಬಾಯಿಗೆ ಹೋಗೋದನ್ನ ನೀವು ನುಂಗ್ಬಿಟ್ರಲ್ಲಾ' ಅಂತ ಬೈಯೋಳು. ಮಕ್ಕಳಿಗೆ ತಿನ್ಸೋಕೆ ಇಟ್ಟಿದ್ಲು ಅಂತ ನಾನು ತಿಳ್ಕೊಂಡೆ. 'ಅವಕ್ಕೆ ಬೇರೆ ಕೊಡು ಬುಡೇ' ಅಂತಿದ್ದೆ."

ನಗು ನಿಂತಿತು.

"ಮಕ್ಕಳ ಬಾಯಿಗೆ ಹೋಗೋದು" ಎಂದು ಮತ್ತೊಮ್ಮೆ ಮೆಲ್ಲಗೆ ಹೇಳಿಕೊಂಡ. "ಗಿಲಕಿ. ಗಿಲಕೀನ ಅಂದಿದ್ದು ಅವಳು. ಹೇಳಿದ್ಲು ಮೇಡಮ್ಮಾ. ಒಂದು ಸಲ ಅಲ್ಲ, ನೂರು ಸಲ ಹೇಳಿದ್ಲು. ನಾನು ಪಕ್ಕದಲ್ಲೇ ಕೂತಿದ್ದೆ."

ಯಂತ್ರಪಾಲಕಿ ಬಗ್ಗಿದಳು. ಕಾವಲಿನವನ ಕುರ್ಚಿಯನ್ನು ನೇರ ಮಾಡಿ ಅವನ ಹತ್ತಿರ ಇಟ್ಟಳು. ಗೊಂಬೆಗಾರ ಅದರ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಕುರ್ಚಿ ಸದ್ದು ಮಾಡಲಿಲ್ಲ. ಅವನು ಅತ್ತು ಮುಗಿಸುವವರೆಗೆ ಇಲ್ಲೇ ನಿಲ್ಲಬೇಕೋ, ಹೋಗಬೇಕೋ ಎಂದು ಅವಳು ಒಂದು ಕ್ಷಣ ಯೋಚಿಸಿದಳು. ಆಮೇಲೆ ಮಣಿಯನ್ನು ಗೂಡಿನಿಂದ ತೆಗೆಯಲೆಂದು ಒಳಗೆ ಹೋದಳು. ಆ ದಿನ ಆ ಕೆಲಸಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು.

ಗೊಂಬೆಗಾರ ಮನೆಗೆ ಹೋಗಿ ಗಿಲಕಿ ಕಡೆದ. ಗಟ್ಟಿ ಮೊಸರಿಗೆ ಸುಣ್ಣ ಸೇರಿಸಿ ಮರಕ್ಕೆ ಬಳಿದ. ಎರಡು ಸಲ ಹದ ತಪ್ಪಿತು, ಮೂರನೆಯ ಸಲ ಕೂಡಿಬಂತು. ಅದರ ಮೇಲೆ ಅರಗು ಒತ್ತಿದ. ಹದಿನೈದು ದಿನ ಬಾಯಲ್ಲಿ ಇಟ್ಟುಕೊಂಡು ಓಡಾಡಿದ. ಊರವರು ಏನೇನೋ ಅಂದರು. ಬಣ್ಣ ಏಳಲಿಲ್ಲ.

ತಾಯಿಯವರು ಸಿಪ್ಪೆಗಳನ್ನು ಒಟ್ಟುಮಾಡಿ ದನಕ್ಕೆಂದು ಪಕ್ಕಕ್ಕೆ ಇಟ್ಟರು.

ಮಂದಾಕಿನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳ ಮುಖ ಇಪ್ಪತ್ತು ದಿನದಲ್ಲಿ ಮೊದಲ ಸಲ ಹಗುರಾಗಿತ್ತು.

"ತಿಳಿಯಿತು ತಾಯೀ. ನಾಳೆಯಿಂದ ದಿನಕ್ಕೆ ಎರಡು ಹೊತ್ತು ಅವಳನ್ನು ಬಿಟ್ಟು ಹೋಗುತ್ತೇನೆ. ತೋಟದ ಕೆಲಸ ಇದೆ, ನೂಲಿನ ಕೆಲಸ ಇದೆ. ನಿಧಾನವಾಗಿ ಹೋಗುತ್ತೇನೆ, ನಿಧಾನವಾಗಿ ಬರುತ್ತೇನೆ. ಆಗ ಅವಳು ಹೇಳುತ್ತಾಳೆ, ಅಲ್ಲವೇ?"

ತಾಯಿಯವರು ಅವಳ ತಲೆಯ ಮೇಲೆ ಕೈಯಿಟ್ಟರು.

"ಹೇಳಲಿ ಎಂದು ಹೋಗುವವಳು ಇನ್ನೂ ಬಾಗಿಲಿಗೆ ಒರಗಿಯೇ ಇರುತ್ತಾಳೆ, ಹೋಗಿರುವುದಿಲ್ಲ, ಮಗಳೇ."